ಬಾಗಿಲಿಗೆ ಮುಖ ಮಾಡಿದ ಕುರ್ಚಿ

ಪುಣೆಯಲ್ಲಿ ನಾವು ಮೂರು ಹೋಟೆಲುಗಳಲ್ಲಿ ಊಟ ಮಾಡಿದೆವು. ನಾಲ್ಕು ಎಂದು ನನ್ನ ತಂಗಿ ಹೇಳುತ್ತಾಳೆ. ರೈಲು ನಿಲ್ದಾಣದ ಎದುರು ನಿಂತುಕೊಂಡೇ ತಿಂದ ಮಿಸಳ್ ಪಾವನ್ನೂ ಅವಳು ಸೇರಿಸಿಕೊಳ್ಳುತ್ತಾಳೆ. ಅಪ್ಪನನ್ನು ಕೇಳಿದರೆ ಎರಡೋ ಮೂರೋ ಎನ್ನುತ್ತಾನೆ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು, ಈಗ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಕಣ್ಣಾರೆ ಕಂಡೆ ಎಂದು ಹೇಳುವವನ ಮಾತನ್ನೇ ಮೊದಲು ಅನುಮಾನಿಸಿರಿ ಎಂದು ಪ್ರತಿವರ್ಷ ಹುಡುಗರ ಮುಂದೆ ಒದರುತ್ತೇನೆ. ಆದರೆ ಈ ಪ್ರವಾಸದ ವಿಷಯದಲ್ಲಿ ಹತ್ತು ಹನ್ನೆರಡು ವರ್ಷ ನನ್ನ ಕಣ್ಣನ್ನು ನಾನೇ ಅನುಮಾನಿಸಲಿಲ್ಲ. ಅದು ಒಳ್ಳೆಯ ಪ್ರವಾಸವಾಗಿತ್ತು, ಒಳ್ಳೆಯದನ್ನು ಯಾರು ಅನುಮಾನಿಸುತ್ತಾರೆ?

ನಮ್ಮದು ಇಂಡಿ ತಾಲೂಕಿನ ತಾಂಬಾ. ನಮ್ಮ ಮನೆಯಲ್ಲಿ ಹೋಟೆಲಿಗೆ ಹೋಗುವುದೆಂದರೆ ರೊಟ್ಟಿ ಕಟ್ಟಿಕೊಂಡು ಹೋಗುವುದು. ಇಂಡಿಗೋ ಸಿಂದಗಿಗೋ ಕೆಲಸವಿದ್ದು ಹೋದರೆ, ಮಧ್ಯಾಹ್ನ ಯಾವುದಾದರೂ ಖಾನಾವಳಿ ಹೊಕ್ಕು, ಒಂದು ತಾಟು ಪಲ್ಲೆ ತರಿಸಿ, ಅವ್ವ ಕಟ್ಟಿಕೊಟ್ಟ ಬುತ್ತಿಯ ಗಂಟು ಮೇಜಿನ ಮೇಲೆಯೇ ಬಿಚ್ಚುತ್ತಿದ್ದೆವು. ತೆಳ್ಳಗೆ ಬಡಿದು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬಟ್ಟೆಯಲ್ಲಿ ಕಟ್ಟಿದ ಗಟ್ಟಿ ಮೊಸರು. ಖಾನಾವಳಿಯವರು ಬೇಡ ಅನ್ನುತ್ತಿರಲಿಲ್ಲ. ತಾವಾಗಿಯೇ ನೀರಿನ ತಂಬಿಗೆ ಇಟ್ಟು, ಒಂದು ಉಳ್ಳಾಗಡ್ಡಿ ಒಡೆದುಕೊಟ್ಟು ಹೋಗುತ್ತಿದ್ದರು. ನಮ್ಮ ಕಡೆ ಹಾಗೆ ಉಣ್ಣುವವರು ನಾವು ಒಬ್ಬರೇ ಅಲ್ಲ. ಅದು ಜಿಪುಣತನವೆಂದು ಕೆಲವರು ಅಂದಾರು. ಅಪ್ಪನಿಗೆ ಮಾತ್ರ ಹಲ್ಲಿನ ಕೆಳಗೆ ಕಟಕ ರೊಟ್ಟಿ ಮುರಿದ ಸಪ್ಪಳ ಕೇಳದೆ ಊಟ ಮುಗಿಯಿತು ಅನ್ನಿಸುತ್ತಲೇ ಇರಲಿಲ್ಲ.

ಇಂಥ ಅಪ್ಪ, ತಂಗಿ ಶಿಕ್ಷಕಿಯ ತರಬೇತಿಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಾಗ, ಕಟ್ಟೆಯ ಮೇಲೆ ಕುಳಿತವನು ಇದ್ದಕ್ಕಿದ್ದಂತೆ ಹೇಳಿದ. "ಪುಣೇಕ ಹೋಗೂಣು. ದೊಡ್ಡ ದೊಡ್ಡ ಹೋಟೆಲಿನ್ಯಾಗ ಉಂಡು ಬರೂಣು. ಪಾಸಾಗ್ಯಾಳ ಹುಡುಗಿ."

ಇದ್ದಕ್ಕಿದ್ದಂತೆ ಎಂದು ಬರೆದೆ. ಇದು ನನ್ನ ನೆನಪು. ಹಿಂದಿನ ಭಾನುವಾರ ಅವನು ಪುಣೆಗೆ ಫೋನು ಮಾಡಿ ಅರ್ಧ ತಾಸು ಮಾತಾಡಿದ್ದೂ ನನ್ನ ನೆನಪಿನಲ್ಲೇ ಇತ್ತು, ಆದರೆ ಬೇರೆ ಕೋಣೆಯಲ್ಲಿ. ಎರಡನ್ನೂ ಒಂದೆಡೆ ಇಟ್ಟು ನೋಡುವ ಅಗತ್ಯ ನನಗೆ ಬಿದ್ದಿರಲಿಲ್ಲ.

ಪುಣೆಯಲ್ಲಿ ಅತ್ತಿ ಇದ್ದಳು, ಅಪ್ಪನ ಅಕ್ಕ. ಮದುವೆಯಾಗಿ ಹೋದಾಗಿನಿಂದ ಅಲ್ಲಿಯೇ ಇದ್ದು, ಮಾತಿನಲ್ಲಿ ಅರ್ಧ ಮರಾಠಿ ಸೇರಿಹೋಗಿತ್ತು. ಅವ್ವ ಎಮ್ಮೆ ಬಿಟ್ಟು ಬರಲಿಲ್ಲ. ಅಪ್ಪ, ನಾನು, ತಂಗಿ ಇಂಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಬದಲಿಸಿ, ಮರುದಿನ ಬೆಳಿಗ್ಗೆ ಪುಣೆ ಮುಟ್ಟಿದೆವು. ಬುತ್ತಿ ತರಲೇಬಾರದೆಂದು ಅತ್ತಿ ಫೋನಿನಲ್ಲಿ ಮೊದಲೇ ಹೇಳಿದ್ದಳು. ಅವ್ವ ಕೇಳಲಿಲ್ಲ. ಎರಡು ಡಜನ್ ರೊಟ್ಟಿ ಕಟ್ಟಿ, ತಂಗಿಯ ಚೀಲದ ತಳದಲ್ಲಿ ಸೀರೆಗಳ ಕೆಳಗೆ ಇಟ್ಟಳು.

ನಿಲ್ದಾಣಕ್ಕೆ ಅತ್ತಿ ಬಂದಿದ್ದಳು. ತಂಗಿ ಮಿಸಳ್ ತಿನ್ನುತ್ತಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದಳು. ಎಷ್ಟು ಬಡಕಲಾಗಿದ್ದಿ, ಧಾರವಾಡದಲ್ಲಿ ಉಣ್ಣುವುದಿಲ್ಲವೇನು ಎಂದಳು, ಇಷ್ಟೇ ನನ್ನ ನೆನಪಿನಲ್ಲಿ ಇದ್ದದ್ದು.

ಮೊದಲನೆಯದು ಸ್ಟೀಲಿನ ದೊಡ್ಡ ತಾಟಿನಲ್ಲಿ ಹನ್ನೆರಡು ಬಟ್ಟಲು ಜೋಡಿಸಿ ಕೊಡುವ ಹೋಟೆಲು. ಬಡಿಸುವವರು ತಲೆಗೆ ಪೇಟ ಸುತ್ತಿದ್ದರು. ಒಂದು ಬಟ್ಟಲು ಖಾಲಿಯಾಗುವುದರೊಳಗೆ ಮತ್ತೊಬ್ಬ ಬಂದು ತುಂಬುತ್ತಿದ್ದ.

"ಅಣ್ಣಾ, ಇವ್ರು ನಮ್ಮ ತಾಟ ನೋಡಾಕ ಪಗಾರ ತಗೋತಾರೇನ?" ಎಂದಳು ತಂಗಿ.

"ಸುಮ್ನ ಉಣ್ಣು," ಎಂದಳು ಅತ್ತಿ. "ಹಳೂಕ ಉಣ್ಣು. ತುತ್ತು ಸಣ್ಣು ಮಾಡು."

"ಸಣ್ಣು ಮಾಡಿದ್ರ ಇದು ಸಂಜೀತನಕಾ ಮುಗ್ಯಾಂಗಿಲ್ಲತ್ತಿ."

ಅಪ್ಪ ನಕ್ಕ. ಸಿಹಿ ಬಟ್ಟಲನ್ನು ತಂಗಿಯ ಕಡೆ ಸರಿಸಿದ. ಅವನು ಮಕ್ಕಳ ಎದುರು ಹಾಗೆ ಹಲ್ಲು ಕಾಣುವಂತೆ ನಗುವುದು ಅಪರೂಪ. ಈ ಹೋಟೆಲನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುತ್ತಿದ್ದದ್ದು ಆ ನಗು. ಅದು ನಿಜವೇ ಇರಬಹುದು. ಈಗಲೂ ನಿಜವೆಂದೇ ಅಂದುಕೊಂಡಿದ್ದೇನೆ.

ಎರಡನೆಯದು ಅದೇ ಸಂಜೆ, ದೋಸೆಯ ಹೋಟೆಲು. ತಂಗಿ ಮೆನು ಕಾರ್ಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಪರೀಕ್ಷೆಯ ಪ್ರಶ್ನೆಪತ್ರಿಕೆ ಓದಿದ ಹಾಗೆ ಓದಿದಳು. ಮೇಜಿಗಿಂತ ಉದ್ದವಾದ ಒಂದು ದೋಸೆ ಬಂತು. ಅದನ್ನು ಎಲ್ಲಿಂದ ಮುರಿಯಬೇಕೆಂಬ ಬಗ್ಗೆ ಅವಳೂ ಅಪ್ಪನೂ ವಾದ ಮಾಡಿದರು. ಆ ದಿನ ಅತ್ತಿ ತನ್ನ ರೇಷ್ಮೆ ಸೀರೆಯನ್ನೇ ತಂಗಿಗೆ ಉಡಿಸಿದ್ದಳು. ದೋಸೆ ತಿನ್ನಲು ರೇಷ್ಮೆ ಏಕೆ ಎಂದು ತಂಗಿ ಕೇಳಿದ್ದಳು. ಪುಣೆಯಲ್ಲಿ ಹಾಗೆಯೇ ಎಂದು ಅತ್ತಿ ಹೇಳಿದ್ದಳು. ನಾನು ಏನೂ ಕೇಳಿರಲಿಲ್ಲ.

ಮೂರನೆಯದು ಮರುದಿನ ಮಧ್ಯಾಹ್ನ. ಎ.ಸಿ. ಹೋಟೆಲು, ಕಪ್ಪು ಗಾಜು, ಒಳಗೆ ಹಗಲಲ್ಲೇ ಮಬ್ಬು ದೀಪ. ಪಕ್ಕದ ಮೇಜಿನಲ್ಲಿ ಮೂರು ಜನ ಇದ್ದರು: ಒಬ್ಬ ಹೆಂಗಸು, ಅವಳ ಗಂಡ, ಬಿಳಿ ಅಂಗಿಯ ಒಬ್ಬ ಮಗ. ತಂದೂರಿ ರೊಟ್ಟಿ ಬಂತು. ತಂಗಿ ಹರಿಯಲು ನೋಡಿದಳು, ಹರಿಯಲಿಲ್ಲ. ಎರಡೂ ಕೈ ಹಚ್ಚಿ ಎಳೆದಳು. ಮತ್ತೆ ನೆಲದ ಮೇಲಿಟ್ಟಿದ್ದ ಕೈಚೀಲಕ್ಕೆ ಕೈ ಹಾಕಿ, ಯಾರಿಗೂ ಹೇಳದೆ ತಂದಿದ್ದ ಅವ್ವನ ಗಂಟನ್ನು ಮೇಜಿನ ಮೇಲೆ ಇಟ್ಟು ಬಿಚ್ಚಿದಳು.

"ಏನ್ ಮಾಡಾಕತ್ತಿ?" ಎಂದಳು ಅತ್ತಿ, ಹಲ್ಲು ಕಚ್ಚಿಕೊಂಡು.

"ಇವ್ರ ರೊಟ್ಟಿ ಎಳದ್ರ ಚಪ್ಪಲಿ ಬಾರಿನಾಂಗ ಬರತೈತಿ. ನಮ್ದು ತಿನ್ನೂಣು."

ಬಡಿಸುವವನು ಬಂದು, ಹೊರಗಿನ ತಿಂಡಿ ಇಲ್ಲಿ ನಡೆಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ತಂಗಿ ತನಗೆ ಬಂದಷ್ಟು ಮರಾಠಿಯಲ್ಲಿ, ಪಲ್ಲೆ ನಿಮ್ಮದೇ, ರೊಟ್ಟಿ ಮಾತ್ರ ನಮ್ಮದು, ನಮ್ಮ ಊರಲ್ಲಿ ಹೀಗೆಯೇ ಎಂದು ಹೇಳಿ, ಅವನ ಕೈಗೂ ಒಂದು ರೊಟ್ಟಿ ಕೊಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಒಳಗೆ ಹೋದ, ಮತ್ತೆ ಬರಲಿಲ್ಲ. ಪಕ್ಕದ ಮೇಜಿನವರು ನಗುತ್ತಿದ್ದರು. ತಂಗಿ ಎದ್ದು ಹೋಗಿ ಅವರಿಗೂ ಎರಡು ರೊಟ್ಟಿ, ಒಂದು ಹಿಡಿ ಶೇಂಗಾ ಹಿಂಡಿ ಕೊಟ್ಟು ಬಂದಳು. ಅವರು ಬೇಡ ಅನ್ನಲಿಲ್ಲ. ಬಿಳಿ ಅಂಗಿಯವನು ಹಿಂಡಿ ನೆಕ್ಕಿದ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಮೇಲೆತ್ತಿ ಹಿಡಿದುಕೊಂಡೇ ಕುಳಿತಿದ್ದ. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ.

ಹಿಂದಿರುಗುವಾಗ ರಿಕ್ಷಾದಲ್ಲಿ ಅತ್ತಿ ಬೈದಳು. "ಮರ್ಯಾದಿ ಕಳದ್ಯವಾ."

"ಹಿಂಡಿ ಕೊಟ್ರ ಮರ್ಯಾದಿ ಹೋಗತೈತೇನತ್ತಿ? ಅಷ್ಟ ಹಗೂರ ಇರೂದು ಹೋಗ್ಲಿ ಬಿಡು."

ಈ ಪ್ರವಾಸ ತಂಗಿಯ ಬಾಯಲ್ಲಿ ದೊಡ್ಡ ಕಥೆಯಾಗಿ ಬೆಳೆಯಿತು. ಅವಳಿಗೆ ಹೂವಿನ ಹಿಪ್ಪರಗಿಯ ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ಅಲ್ಲಿಯೇ ಹತ್ತಿರದ ಮನೆಗೆ ಮದುವೆಯಾಯಿತು. ಆ ಹುಡುಗ ನಮ್ಮ ಮನೆಗೆ ಬಂದು, ಎಲ್ಲರ ಎದುರು ಚಹಾ ಕುಡಿದು, ನೋಡಿ ಒಪ್ಪಿದವನು. ಒಳ್ಳೆಯವನು, ನೀರಿನ ಮೋಟರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಆದ್ದರಿಂದ ಮುಂದೆ ನಾನು ಹೇಳುವುದು ಅವಳ ಬದುಕು ಕೆಟ್ಟ ಕಥೆಯಲ್ಲ. ಬದುಕು ಕೆಟ್ಟಿಲ್ಲ.

ಅವಳು ಆ ಕಥೆಯನ್ನು ಸುಮ್ಮನೆ ಹೇಳುತ್ತಿರಲಿಲ್ಲ. ಏಳನೆಯ ತರಗತಿ ಮುಗಿದೊಡನೆ ಮಗಳನ್ನು ಶಾಲೆ ಬಿಡಿಸುವ ಅಪ್ಪಂದಿರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು. ನಾನೇ ಒಮ್ಮೆ ಅವಳ ಜೊತೆ ಹೋಗಿದ್ದೆ. ಕುರಿ ಕಾಯುವ ಒಬ್ಬ ಮನುಷ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು, ಎಲ್ಲೋ ನೋಡುತ್ತ ನಿಂತಿದ್ದ.

"ನಮ್ಮಪ್ಪನೂ ಒಕ್ಕಲತನದವ್ರ ನೋಡ್ರಿ ಕಾಕಾ," ಎಂದಳು. "ಹೋಟೆಲಿನ್ಯಾಗ ಒಂದ ದಿನಾ ಪೂರಾ ಊಟ ಕೊಡ್ಸಿದವ್ರಲ್ಲ. ನಾ ಪಾಸಾದೆ ಅಂತ ಪುಣೇಕ ಕರಕೊಂಡು ಹೋದ್ರು. ಮೂರು ಹೊತ್ತು ಹೋಟೆಲಿನ್ಯಾಗ ಉಣ್ಣಿಸಿದ್ರು. ಯಾವ ಕೆಲಸಾನೂ ಇರಲಿಲ್ಲ ಅಲ್ಲಿ. ಬರೀ ನನ್ನ ಸಲುವಾಗಿ."

ಅವನು ತಂಗಿಯ ಮುಖ ನೋಡಿದ. "ಬರೀ ನಿಮ್ಮ ಸಲುವಾಗಿ ಹೋಗಿದ್ರೇನ್ರಿ?" ಎಂದ. ಅವನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅದಕ್ಕೆ ಕಾರಣ ಈ ಕಥೆಯೇ ಎಂದು ಸಾಬೀತು ಮಾಡಲು ನನ್ನಿಂದಾಗದು. ತಂಗಿ ಮಾತ್ರ ಹಾಗೆ ನಂಬಿದ್ದಳು.

ಕಳೆದ ಚಳಿಗಾಲದಲ್ಲಿ ಅವ್ವನ ಕಡೆಯವರ ಮನೆಯಲ್ಲಿ, ಬಸವನ ಬಾಗೇವಾಡಿಯಲ್ಲಿ, ಕೂಸಿನ ಹೆಸರಿಡುವ ಕಾರ್ಯಕ್ರಮವಿತ್ತು. ಊಟಕ್ಕೆ ಎದುರುಬದುರು ಪಂಕ್ತಿ ಹಾಕಿದ್ದರು. ನನ್ನ ಎದುರಿಗೆ ತಂಗಿ. ಅವಳ ಪಕ್ಕದಲ್ಲಿ ಕುಳಿತ ವಯಸ್ಸಾದ ಹೆಂಗಸು ಬಹಳ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದಳು.

"ನೀ ತಾಂಬಾದಾಕಿ ಅಲ್ಲೇನ ಯವ್ವಾ?"

"ಹೌದ್ರಿ. ಈಗ ಹಿಪ್ಪರಗಿದಾಗ ಇರತೇನ್ರಿ."

"ಪುಣೇದಾಗ, ಹೋಟೆಲಿನ್ಯಾಗ, ರೊಟ್ಟಿ ಗಂಟು ಬಿಚ್ಚಿದಾಕಿ."

ತಂಗಿಯ ಮುಖ ಅರಳಿತು. "ಬಾಜೂ ಕುಂತವ್ರು ನೀವೇನ್ರಿ? ಅಣ್ಣಾ, ನೋಡು, ನಾ ಹಿಂಡಿ ಕೊಟ್ಟವ್ರು ಇವ್ರಂತ. ನೀ ಯಾವಾಗ್ಲೂ ಅವ್ರು ಮರಾಠಿ ಮಂದಿ ಅಂತಿದ್ದಿ."

"ಮರಾಠಿ ಮಂದಿ ಎಲ್ಲೀದು," ಎಂದಳು ಆ ಹೆಂಗಸು. "ನಾವು ನಾಲತವಾಡದವ್ರು. ಮಗನ ನೌಕರಿ ಅಂತ ಪುಣೇದಾಗ ಇದ್ವಿ. ನಿನ್ನ ನೋಡಾಕಂತನ ಬಂದಿದ್ವಲ್ಲ ಅವತ್ತ."

"ನನ್ನ ನೋಡಾಕ?"

"ಮತ್ತ? ನಿಮ್ಮತ್ತಿನ ಹೇಳಿದ್ಲು. ಹುಡುಗಿಗೆ ಗೊತ್ತಾದ್ರ ಗಡಿಬಿಡಿ ಆಗತಾಳ, ಸುಮ್ನ ಬಾಜೂ ಕುಂತು ಉಣ್ಣೂದು ನೋಡ್ರಿ, ಗುಣಾ ತಿಳೀತೈತಿ ಅಂತ. ಹಿಂದಿನ ದಿನ ಇನ್ನೂ ಎರಡ ಮನ್ಯಾವ್ರು ಹಂಗ ನೋಡಿ ಹೋಗಿದ್ರಂತ. ಆಮ್ಯಾಲೂ ಹೇಳಲಿಲ್ಲೇನು ಮನ್ಯಾಗ?"

ತಂಗಿ ನನ್ನ ಕಡೆ ನೋಡಿದಳು. ನಾನು ನನ್ನ ಎಲೆ ನೋಡಿದೆ.

"ಹೇಳಿದ್ರು ರೀ, ಹೇಳಿದ್ರು," ಎಂದಳು ತಂಗಿ.

"ನಮ್ಮ ಹುಡುಗನ ಮನಸಿತ್ತವಾ. ಹಿಂಡೀನೂ ಭಾಳ ಛಲೋ ಇತ್ತು, ಸುಳ್ಳ ಯಾಕ ಹೇಳಬೇಕು. ನಮ್ಮ ಮನೆಯವ್ರು ಒಪ್ಪಲಿಲ್ಲ. ಹೋಟೆಲಿನ್ಯಾಗ ಗಂಟು ಬಿಚ್ಚಾಕಿ ಪುಣೇದಾಗ ಹೆಂಗ ಬಾಳೇವು ಮಾಡ್ಯಾಳು ಅಂದ್ರು."

"ಖರೇನ ಅಂದಾರ್ರಿ," ಎಂದು ತಂಗಿ ನಕ್ಕಳು. ಬಡಿಸುವವರನ್ನು ಕರೆದು ಆ ಹೆಂಗಸಿಗೆ ಸಾರು ಹಾಕಿಸಿದಳು. ತಾನೂ ಎಲೆಯಲ್ಲಿ ಏನೂ ಬಿಡದೆ ಉಂಡಳು.

ಕೈತೊಳೆಯುವಲ್ಲಿ ನನ್ನ ಪಕ್ಕ ಬಂದು ನಿಂತಳು.

"ನಿನಗ ಗೊತ್ತಿತ್ತೇನು?"

"ಇಲ್ಲ," ಎಂದೆ. ತಡಮಾಡಲಿಲ್ಲ.

"ಈಗ ಹೇಳಬ್ಯಾಡ. ಮನಿಗೆ ಹೋಗಿ ಛಲೋತ್ನಂಗ ನೆನಪ ಮಾಡ್ಕೊ. ಆಮ್ಯಾಲ ಬಂದು ಹೇಳು. ಅಪ್ಪಗ ಕೇಳಾಂಗಿಲ್ಲ ನಾ. ಅತ್ತಿಗೂ ಕೇಳಾಂಗಿಲ್ಲ. ನಿನಗ ಅಷ್ಟ ಕೇಳತೇನಿ."

ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ನನಗೆ ಬಂದದ್ದು ಸಿಟ್ಟು. ಅಪ್ಪ ಆ ಪ್ರವಾಸವನ್ನು ನಮಗೆ ಒಂದು ಹೆಸರಿನಲ್ಲಿ ಕೊಟ್ಟು ಇನ್ನೊಂದಕ್ಕೆ ಬಳಸಿಕೊಂಡಿದ್ದ. ಅತ್ತಿ ನಮ್ಮನ್ನು ಮೇಜಿಗೆ ಮೇಜು ಕೂರಿಸಿ ಪ್ರದರ್ಶನ ಮಾಡಿದ್ದಳು. ನಮ್ಮನ್ನು ಎಂದೇ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಮೋಸ ಹೋದವರ ಸಾಲಿನಲ್ಲಿ ತಂಗಿಯ ಪಕ್ಕ ನನಗೂ ಒಂದು ಜಾಗ ಹಿಡಿದುಕೊಂಡಿದ್ದೆ. ಬಸ್ಸು ಊರು ಮುಟ್ಟುವವರೆಗೆ ಆ ಜಾಗ ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಅತ್ತಿಗೆ ಫೋನು ಮಾಡಿದೆ. ಅವಳು ಪೂಜೆಯಲ್ಲಿದ್ದಳು, ಮುಗಿಸಿ ತಾನೇ ಮಾಡಿದಳು.

"ಅರೇ, ಅದರಾಗ ಏನೈತೋ? ಎಲ್ಲಾರೂ ಹಂಗ ನೋಡ್ತಾರ. ಮನಿಗೆ ಕರದು, ಸೀರಿ ಉಡಸಿ, ಚಹಾ ಹಿಡಸಿ, ಬ್ಯಾಡ ಅಂದ್ರ ಹುಡುಗಿ ಮನಸ್ಸು ಮುರೀತೈತಿ. ಗೊತ್ತಿಲ್ಲದ ನೋಡಿದ್ರ ಬ್ಯಾಡ ಅಂದದ್ದೂ ಗೊತ್ತಾಗಂಗಿಲ್ಲ. ಆಕೀ ಛಲೋದಕ್ಕ ಮಾಡಿದ್ದು."

"ಆಕಿಗೆ ಹೇಳಲಿಲ್ಲ, ಆತು. ನನಗರ ಹೇಳಬೇಕಾಗಿತ್ತಿಲ್ಲೋ?"

"ನಿನಗ ಹೇಳಿದ್ದೆನಲ್ಲೋ. ಸ್ಟೇಷನ್ನಿನಾಗ."

"ಏನ ಹೇಳಿದ್ದಿ?"

"ಹೋಟೆಲಿನ್ಯಾಗ ಆಕಿನ್ನ ಬಾಗಲಾ ಕಡೆ ಮಾರಿ ಮಾಡಿ ಕುಂದರ್ಸು, ನಿಮ್ಮಪ್ಪಗ ಅದೆಲ್ಲ ತಿಳ್ಯಾಂಗಿಲ್ಲ ಅಂದೆ. ನೀ ಹೂಂ ಅಂದಿ. ಮೂರೂ ಕಡೆ ಬರೋಬರಿ ಕುಂದರ್ಸಿದಿ."

"ಯಾಕಂತ ಹೇಳಿದ್ದಿ?"

"ಯಾಕಂತ ನೀ ಕೇಳಲಿಲ್ಲ," ಎಂದಳು ಅತ್ತಿ. "ನನಗೂ ಆಶ್ಚರ್ಯ ಆತು ಅವತ್ತ. ಹುಟ್ಟಿದಾಗಿಂದ ಯಾಕ ಯಾಕ ಅಂತ ತಲಿ ತಿಂದಾಂವ ನೀ. ಇವಗ ತಿಳೀತು ಬಿಡು ಅಂತ ನಾ ಸುಮ್ನಾದೆ."

ಫೋನು ಕೆಳಗಿಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಅತ್ತಿಯ ಸಾಕ್ಷ್ಯವನ್ನು ಒಡೆಯಲು ಕುಳಿತದ್ದು. ಅವಳಿಗೆ ವಯಸ್ಸಾಗಿದೆ. ಅವಳ ಮೇಲೆ ಆರೋಪ ಬಂದಿದೆ, ಹಂಚಿಕೊಳ್ಳಲು ಒಬ್ಬ ಬೇಕು. ಇಷ್ಟು ವರ್ಷದ ಮೇಲೆ ಯಾರಿಗೆ ಕುರ್ಚಿಯ ದಿಕ್ಕು ನೆನಪಿರುತ್ತದೆ? ಹುಡುಗರ ಪ್ರಬಂಧಗಳಲ್ಲಿ ನಾನು ಕೆಂಪು ಮಸಿಯಿಂದ ಬರೆಯುವ ಪ್ರಶ್ನೆಗಳೇ ಇವು. ಎಲ್ಲವೂ ಸರಿಯಾಗಿದ್ದವು. ಆದರೆ ಅವುಗಳ ನಡುವೆಯೇ, ಕರೆಯದೆ, ನನ್ನದೇ ಧ್ವನಿ ಕೇಳಿತು: "ಏ, ನೀ ಈ ಕಡೆ ಬಾ, ಇಲ್ಲಿ ಫ್ಯಾನ್ ಐತಿ." ಇದು ನೆನಪೇ, ಅಥವಾ ಅತ್ತಿಯ ಮಾತು ಕೇಳಿದ ಮೇಲೆ ತಲೆ ಹೆಣೆದುಕೊಟ್ಟದ್ದೇ? ಗೊತ್ತಿಲ್ಲ. ಹಾಗೆ ಹೆಣೆಯುವುದು ಉಂಟು.

ಹಳೆಯ ಮೊಬೈಲಿನ ಫೋಟೋಗಳನ್ನು ಒಂದು ಡಿಸ್ಕಿಗೆ ಹಾಕಿಟ್ಟಿದ್ದೆ. ಹುಡುಕಿ ತೆಗೆದೆ. ಹೋಟೆಲಿನ ಒಳಗೆ ತೆಗೆದವು ಮೂರೇ. ಮೊದಲನೆಯದರಲ್ಲಿ ತಂಗಿಯ ಮುಖದ ಮೇಲೆ ಬಾಗಿಲಿನ ಬೆಳಕು. ಎರಡನೆಯದರಲ್ಲೂ ಬಾಗಿಲಿನ ಬೆಳಕು, ಮೇಲೆ ರೇಷ್ಮೆಯ ಹೊಳಪು. ಅವಳ ಎದುರಿಗೆ ನನ್ನ ಖಾಲಿ ಕುರ್ಚಿ, ಬಾಗಿಲಿಗೆ ಬೆನ್ನು ಮಾಡಿ. ಮೂರನೆಯದರಲ್ಲಿ ತಂಗಿ ಅಂಚಿನಲ್ಲಿದ್ದಾಳೆ, ಒಂದು ತೋಳು ಕತ್ತರಿಸಿಹೋಗಿದೆ. ನಡುವೆ, ಅಚ್ಚುಕಟ್ಟಾಗಿ, ಆ ಮೂವರು: ಹೆಂಗಸು, ಗಂಡ, ಬಿಳಿ ಅಂಗಿಯ ಮಗ.

ತಂಗಿ ಅವರಿಗೆ ರೊಟ್ಟಿ ಕೊಟ್ಟು ಬಂದ ತಕ್ಷಣ ತೆಗೆದದ್ದು, ಆದ್ದರಿಂದ ಅವರು ನಡುವೆ ಬಂದಿದ್ದಾರೆ. ಇದು ಒಂದು ವಿವರಣೆ. ಗುರುತಿಲ್ಲದ ಮೂವರಿಗಾಗಿ ಸ್ವಂತ ತಂಗಿಯ ತೋಳನ್ನು ಯಾರೂ ಕತ್ತರಿಸುವುದಿಲ್ಲ. ಇದು ಇನ್ನೊಂದು. ಅರ್ಧ ದಿನ ಈ ಎರಡರ ನಡುವೆ ಓಡಾಡಿದೆ. ಕಾಲೇಜಿಗೆ ರಜೆ ಹಾಕಿದ್ದೆ. ಅವರು ಮರಾಠಿಯವರು ಎಂದು ಇಷ್ಟು ವರ್ಷ ಏಕೆ ಹೇಳುತ್ತಿದ್ದೆ? ಅವರು ನಕ್ಕದ್ದು, ತಮ್ಮಲ್ಲಿ ಮಾತಾಡಿಕೊಂಡದ್ದು ನನಗೆ ಎರಡು ಮೊಳ ದೂರದಲ್ಲಿ. ನಾಲತವಾಡದ ಕನ್ನಡ ನನ್ನ ಕಿವಿಗೆ ಮರಾಠಿ ಅನ್ನಿಸುವುದು ಸಾಧ್ಯವೇ ಇಲ್ಲ.

ಭಾನುವಾರ ತಾಂಬಾಕ್ಕೆ ಹೋದೆ. ಅಪ್ಪ ಹಿತ್ತಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದ. ವಿಷಯ ಕೇಳಿ ತಲೆಯೆತ್ತಲಿಲ್ಲ.

"ಪಾಸಾದದ್ದಕ್ಕ ಕರಕೊಂಡು ಹೋಗಿದ್ದೂ ಖರೇ. ಇದೂ ಖರೇ. ನಿಮ್ಮತ್ತಿ ಹೆಂಗೂ ಬರಾಕತ್ತೀರಿ, ಮೂರು ಮನ್ಯಾವ್ರು ನೋಡ್ಲಿ ಅಂದ್ಲು. ನಾ ಹೂಂ ಅಂದೆ."

"ಆಕಿಗೆ ಹೇಳಬೇಕಿತ್ತಪ್ಪಾ."

"ಹೇಳಿದ್ರ ಬರತಿದ್ಲೇನು?"

"ಬರತಿರಲಿಲ್ಲ."

"ಮತ್ತ," ಎಂದ ಅಪ್ಪ. ಒಂದು ಕಲ್ಲು ಆರಿಸಿ ಹೊರಗೆ ಎಸೆದ. "ಪುಣೇನೂ ನೋಡತಿರಲಿಲ್ಲ."

ನಾನು ಏಳುವಾಗ ಅವನು ಮೊದಲ ಸಲ ನನ್ನ ಮುಖ ನೋಡಿದ. "ನೀ ಯಾಕ ಈಗ ಹೊಸದಾಗಿ ಕೇಳಾಕತ್ತಿ?" ಅದರಲ್ಲಿ ಚುಚ್ಚು ಇರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೆ ಗೊತ್ತಿತ್ತು ಎಂದೇ ಅವನು ಇಷ್ಟು ವರ್ಷ ತಿಳಿದಿದ್ದ.

ಆಗ ಸಿಟ್ಟು ನಿಲ್ಲಲು ಜಾಗವಿಲ್ಲದೆ ಹೋಯಿತು. ಅಪ್ಪ ಕೇಳಿದರೆ ಹೇಳುತ್ತಾನೆ. ಅತ್ತಿ ಕೇಳದಿದ್ದರೂ ಹೇಳುತ್ತಾಳೆ. ಅವರಿಬ್ಬರೂ ಮಾಡಿದ್ದನ್ನು ಮರೆತಿಲ್ಲ, ಮುಚ್ಚಿಟ್ಟದ್ದನ್ನು ಮುಚ್ಚಿಟ್ಟೆವು ಎಂದೇ ಹೇಳುತ್ತಾರೆ. ನಾನೊಬ್ಬನೇ ಅದನ್ನು ತೊಳೆದು ಒಣಗಿಸಿ, ಅಪ್ಪನ ನಗು, ಉದ್ದನೆಯ ದೋಸೆ, ಕಟಕ ರೊಟ್ಟಿ ಮಾತ್ರ ಉಳಿಸಿ ಇಟ್ಟುಕೊಂಡವನು. ತಂಗಿ ಆ ಕಥೆಯನ್ನು ಬಾಗಿಲಿಂದ ಬಾಗಿಲಿಗೆ ಹೊತ್ತು ತಿರುಗುವಾಗ ಪಕ್ಕದಲ್ಲಿ ನಿಂತು ತಲೆದೂಗಿದವನೂ ನಾನೇ. ಆ ಕುರಿ ಕಾಯುವವನ ಮನೆಯ ಮುಂದೆ, ಬರೀ ನನ್ನ ಸಲುವಾಗಿ ಎಂದು ಅವಳು ಹೇಳಿದಾಗ, ನನ್ನೊಳಗೆ ಏನಾದರೂ ಅಲುಗಿತ್ತೇ? ಅಲುಗಿತ್ತು ಎಂದು ಬರೆಯಲು ಆಸೆಯಾಗುತ್ತದೆ. ಇಲ್ಲ, ಏನೂ ಅಲುಗಿರಲಿಲ್ಲ. ಅಷ್ಟು ಚೆನ್ನಾಗಿ ನಂಬಿದ್ದೆ.

ಮುಂದಿನ ಶನಿವಾರ ಹಿಪ್ಪರಗಿಗೆ ಹೋದೆ. ಬೆಳಗಿನ ಶಾಲೆ ಮುಗಿಸಿ ತಂಗಿ ಆಗಷ್ಟೇ ಮನೆಗೆ ಬಂದಿದ್ದಳು. ನೀರು ಕೊಟ್ಟಳು, ಚಹಾ ಮಾಡಿದಳು. ಅವಳ ಗಂಡ ಅಂಗಡಿಯಲ್ಲಿದ್ದ. ಅಡುಗೆ ಮನೆಯಿಂದ ಎಣ್ಣೆಗಾಯಿ ಬದನೆಕಾಯಿಯ ವಾಸನೆ ಬರುತ್ತಿತ್ತು. ಅವಳು ಎದುರಿಗೆ ಕುಳಿತಳು.

"ನೆನಪಾತೇನು?"

"ನೋಡು, ನೆನಪು ಅನ್ನೂದು..."

"ಪಾಠ ಬ್ಯಾಡಣ್ಣಾ. ನಾನೂ ಈಗರ ಸಾಲಿ ಮುಗಿಸಿ ಬಂದೇನಿ."

ಅತ್ತಿ ಹೇಳಿದ್ದನ್ನು ಹೇಳಿದೆ. ಫೋಟೋದ ವಿಷಯ ಹೇಳಿದೆ. ಅವಳನ್ನು ಮೂರೂ ಕಡೆ ಬಾಗಿಲಿಗೆ ಎದುರಾಗಿ ಕೂರಿಸಿದವನು ನಾನೇ ಎಂದೆ. ಫ್ಯಾನಿನ ಮಾತನ್ನೂ ಬಿಡಲಿಲ್ಲ.

"ಯಾಕಂತ ಗೊತ್ತಿತ್ತು?"

"ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಾ ಕೇಳಲಿಲ್ಲ. ಕೇಳಿದ್ರ ಗೊತ್ತಾಗತಿತ್ತು, ಅದಕ್ಕ ಕೇಳಲಿಲ್ಲ."

"ಅಂದ್ರ ಗೊತ್ತಿತ್ತು."

"ಹೌದು," ಎಂದೆ.

ಅವಳು ಅಳಲಿಲ್ಲ. ಚಹಾದ ಕಪ್ಪಿನ ಕೆನೆಯನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಹಚ್ಚಿದಳು.

"ಅವ್ರು ಬ್ಯಾಡ ಅಂದದ್ದು ನನಗ ಏನೂ ಅಲ್ಲ. ಛಲೋನ ಆತು. ಅಪ್ಪಗ, ಅತ್ತಿಗೆ ನಾ ಏನೂ ಅನ್ನಾಂಗಿಲ್ಲ, ಅವ್ರ ಕಾಲ ಹಂಗ. ನಾ ಅವತ್ತ ಎಷ್ಟ ಖುಷಿಲೆ ಉಂಡೆ, ನಿನಗ ಗೊತ್ತೈತಿ. ನಾವು ನಾಕೂ ಮಂದಿ ಉಣ್ಣಾಕತ್ತೇವಿ ಅಂತ ತಿಳ್ಕೊಂಡಿದ್ದೆ. ನೀವು ಮೂರೂ ಮಂದಿ ನನ್ನ ನೋಡಾಕತ್ತಿದ್ರಿ. ಉಣ್ಣಾಕತ್ತಿದ್ದಾಕಿ ನಾ ಒಬ್ಬಾಕೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಕಾಯಲಿಲ್ಲ.

"ಬರೂ ತಿಂಗಳ ಮತ್ತ ಇಬ್ರು ಹುಡುಗ್ಯಾರು ಸಾಲಿ ಬಿಡಾವ್ರದಾರ. ಅವ್ರ ಮನಿ ಮುಂದ ನಿಂತು ನಾ ಏನ ಹೇಳ್ಲಿ?"

"ಅಪ್ಪ ಹೇಳ್ಯಾನ, ಪಾಸಾದದ್ದಕ್ಕ ಕರಕೊಂಡು ಹೋಗಿದ್ದೂ ಖರೇ ಅಂತ."

"ಅದು ನಿನಗ ಸಾಕಾಗತೈತೇನು?"

ಅವಳು ಎದ್ದು ಕಪ್ಪುಗಳನ್ನು ಒಳಗೆ ಇಟ್ಟು ಬಂದಳು. ಗೋಡೆಯ ಗಡಿಯಾರ ನೋಡಿದಳು. ಹನ್ನೆರಡೂವರೆ ದಾಟಿತ್ತು.

"ಬಾಗೇವಾಡಿಗೆ ಒಂದ ಗಂಟೆಗೆ ಬಸ್ಸೈತಿ ನೋಡು," ಎಂದಳು. "ಅದ ತಪ್ಪಿದ್ರ ಮುಂದಿಂದು ತಡಾ ಐತಿ."

ನಮ್ಮ ಕಡೆ ಊಟದ ಹೊತ್ತಿಗೆ ಮನೆಗೆ ಬಂದವನಿಗೆ, ಅವನು ಜಗಳವಾಡಲು ಬಂದವನಾದರೂ, ಬಸ್ಸಿನ ವೇಳೆ ಹೇಳುವುದಿಲ್ಲ. ಉಂಡು ಹೋಗು ಎನ್ನುತ್ತಾರೆ. ಅವಳು ಹಾಗೆ ಎಂದಳು, ನಾನೇ ಕೇಳಿಸಿಕೊಳ್ಳಲಿಲ್ಲ ಎಂದು ಒಂದು ದಿನ ನನ್ನ ತಲೆ ನನಗೆ ಹೇಳಬಹುದು. ಅದಕ್ಕಾಗಿಯೇ ಇದನ್ನು ಇಂದು ಬರೆದಿಡುತ್ತಿದ್ದೇನೆ: ಅನ್ನಲಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟಿದೆ. ಅವಳು ಬಾಗಿಲಿನವರೆಗೂ ಬಂದಳು, ನಾನು ಓಣಿ ದಾಟುವವರೆಗೂ ನಿಂತಿದ್ದಳು. ಬಸ್ಸು ಹತ್ತು ನಿಮಿಷ ತಡವಾಗಿ ಬಂತು.